ಜೊತೆಯಾಗಿ ನಡೆಯುತ್ತಾ ಯೋಚಿಸಿದ ವಿಜ್ಞಾನಿ ನೀಲ್ಸ್ ಬೋರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿದಾಗ ನಾನು ಮೊದಲು ಹಿಂಜರಿದೆ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನಾನು ಬರೆದದ್ದೆಲ್ಲ ಪ್ರೋಗ್ರಾಂ, ಇಲ್ಲವೇ ಆಫೀಸಿನ ಇ-ಮೇಲ್. ಕನ್ನಡದಲ್ಲಿ ಎರಡು ಪುಟ ಬರೆದು ಎಷ್ಟೋ ವರ್ಷಗಳಾಗಿದ್ದವು. ಏನು ಬರೆಯಲಿ ಎಂದು ಯೋಚಿಸುತ್ತಾ ಕುಳಿತಾಗ ಶಾಲೆಯ ಕಟ್ಟಡಕ್ಕಿಂತ ಮೊದಲು ಕಣ್ಣ ಮುಂದೆ ಬಂದದ್ದು ಶಾಲೆಗೆ ಬರುತ್ತಿದ್ದ ದಾರಿ.

2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚ್ ನಮ್ಮದು. ಸರ್ಕಾರದ ಸೈಕಲ್ ಆಗ ಇನ್ನೂ ಬಂದಿರಲಿಲ್ಲ. ಗದ್ದೆಯ ಬದು, ಕೆರೆ ಏರಿ, ಮಾವಿನ ತೋಪು ದಾಟಿಕೊಂಡು ಮೂರು ಕಿಲೋಮೀಟರ್ ನಡೆದು ಬರುತ್ತಿದ್ದೆವು. ಬಸ್ಸು ತಪ್ಪಿದ ದಿನ ನಮ್ಮ ವಿಜ್ಞಾನ ಮೇಷ್ಟ್ರೂ ನಮ್ಮ ಜೊತೆ ನಡೆಯುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ನಾವು ಆ ದಾರಿಯಲ್ಲಿ ಅವರನ್ನು ಏನು ಬೇಕಾದರೂ ಕೇಳುತ್ತಿದ್ದೆವು. ಪರಮಾಣುವನ್ನು ಯಾರೂ ಕಣ್ಣಿಂದ ನೋಡಿಲ್ಲ ಎಂದ ಮೇಲೆ ಪುಸ್ತಕದಲ್ಲಿ ಅದರ ಚಿತ್ರ ಹೇಗೆ ಬಂತು ಎಂದು ಒಂದು ದಿನ ನನ್ನ ಗೆಳೆಯ ಕೇಳಿದ. ನಡುವೆ ಒಂದು ಚುಕ್ಕಿ, ಸುತ್ತ ಕೈವಾರದಿಂದ ಎಳೆದ ವೃತ್ತಗಳು, ವೃತ್ತದ ಮೇಲೆ ಎಲೆಕ್ಟ್ರಾನುಗಳು: ಆ ಚಿತ್ರವನ್ನು ನಾವೆಲ್ಲ ಅಂದವಾಗಿ ಬರೆದು ಅಂಕ ಪಡೆದಿದ್ದೆವು. ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಕೆರೆಯ ತೂಬಿನಿಂದ ತೋಪಿನವರೆಗೆ ಸುಮ್ಮನೆ ನಡೆದರು. ಆಮೇಲೆ, ಆ ಚಿತ್ರ ಕೊಟ್ಟ ಮನುಷ್ಯನಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ಎಂದರು.

ಆ ಮನುಷ್ಯ ನೀಲ್ಸ್ ಬೋರ್. ಬಹಳ ವರ್ಷಗಳ ನಂತರ ಅವರ ಜೀವನವನ್ನು ಓದಿದಾಗ ಮೇಷ್ಟ್ರ ಮಾತು ನಿಜವೆಂದು ತಿಳಿಯಿತು. ನನ್ನ ಗೆಳೆಯ ಕೇಳಿದ ಪ್ರಶ್ನೆಯನ್ನೇ ಇಪ್ಪತ್ತು ವರ್ಷದ ಒಬ್ಬ ಹುಡುಗ ಗುಡ್ಡದ ದಾರಿಯಲ್ಲಿ ನಡೆಯುತ್ತಾ ಬೋರ್ ಅವರನ್ನು ಕೇಳಿದ್ದ ಎಂಬುದೂ ತಿಳಿಯಿತು. ಆದ್ದರಿಂದ ಬೋರ್ ಅವರ ಜೀವನವನ್ನು, ಅವರು ನಡೆದ ದಾರಿಗಳನ್ನು ಹಿಡಿದು, ಇಲ್ಲಿ ಹೇಳುತ್ತೇನೆ.

ನೀಲ್ಸ್ ಬೋರ್ ಹುಟ್ಟಿದ್ದು 1885ರ ಅಕ್ಟೋಬರ್ 7ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ. ತಂದೆ ಕ್ರಿಶ್ಚಿಯನ್ ಬೋರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರು. ತಾಯಿ ಎಲೆನ್ ಯಹೂದಿ ಬ್ಯಾಂಕರ್ ಮನೆತನದವರು. ತಂದೆಯ ಮೂವರು ಗೆಳೆಯರು, ಅಂದರೆ ತತ್ತ್ವಶಾಸ್ತ್ರಜ್ಞ ಹೆಫ್ಡಿಂಗ್, ಭೌತವಿಜ್ಞಾನಿ ಕ್ರಿಶ್ಚಿಯನ್‌ಸೆನ್, ಭಾಷಾಶಾಸ್ತ್ರಜ್ಞ ಥಾಮ್ಸನ್, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಚರ್ಚೆ ಮಾಡುತ್ತಿದ್ದರು. ಬೋರ್ ಮನೆಯ ಸರದಿ ಬಂದಾಗ ನೀಲ್ಸ್ ಮತ್ತು ತಮ್ಮ ಹರಾಲ್ಡ್ ಮೂಲೆಯಲ್ಲಿ ಕುಳಿತು ಕೇಳಬಹುದಿತ್ತು. ದೊಡ್ಡವರು ಪರಸ್ಪರ ಒಪ್ಪದೆಯೂ ಸ್ನೇಹದಿಂದ ಮಾತಾಡಬಲ್ಲರು ಎಂಬುದನ್ನು ಆ ಹುಡುಗರು ಮನೆಯಲ್ಲೇ ಕಲಿತರು. ಅಣ್ಣತಮ್ಮಂದಿರಿಬ್ಬರೂ ಫುಟ್‌ಬಾಲ್ ಆಟಗಾರರು. ನೀಲ್ಸ್ ಗೋಲ್‌ಕೀಪರ್. ಹರಾಲ್ಡ್ ಮುಂದೆ ದೊಡ್ಡ ಗಣಿತಜ್ಞರಾದರು, ಅದಕ್ಕೂ ಮೊದಲು 1908ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ತಂಡದಲ್ಲಿ ಆಡಿ ಬೆಳ್ಳಿ ಪದಕ ಗೆದ್ದರು.

ನೀಲ್ಸ್ ಬೋರ್ ಅವರಿಗೆ ಒಂದು ತೊಂದರೆ ಇತ್ತು. ಒಬ್ಬರೇ ಕುಳಿತು ಬರೆಯುವುದು ಅವರಿಗೆ ಬಹಳ ಕಷ್ಟ. ಎದುರಿಗೆ ಒಬ್ಬರು ಬೇಕು, ತಾವು ಓಡಾಡುತ್ತಾ ಹೇಳಬೇಕು, ಅವರು ಬರೆದುಕೊಳ್ಳಬೇಕು. ಡಾಕ್ಟರೇಟ್ ಪ್ರಬಂಧವನ್ನು ಹಾಗೆ ಹೇಳಿ ಬರೆಸಿದ್ದು ತಾಯಿಯ ಕೈಲಿ. 1912ರಲ್ಲಿ ಮದುವೆಯಾದ ಮೇಲೆ ಆ ಕೆಲಸ ಹೆಂಡತಿ ಮಾರ್ಗರೆಥೆ ಅವರಿಗೆ ಬಂತು, ಆಮೇಲೆ ಒಬ್ಬರಾದ ಮೇಲೊಬ್ಬರಂತೆ ಕಿರಿಯ ಸಹೋದ್ಯೋಗಿಗಳಿಗೆ. ಒಂದೊಂದು ವಾಕ್ಯವನ್ನೂ ಹತ್ತಾರು ಸಲ ಬದಲಾಯಿಸುತ್ತಿದ್ದರು. ಕೊಠಡಿಯಲ್ಲಿ ಮೇಜಿನ ಸುತ್ತ ಸುತ್ತುವುದು, ಹೊರಗೆ ಬಂದರೆ ಕಾಡುದಾರಿಯಲ್ಲಿ ನಡೆಯುವುದು. ಅವರ ಯೋಚನೆಗೆ ಕಾಲು ಬೇಕಿತ್ತು, ಜೊತೆಗೆ ಇನ್ನೊಬ್ಬರ ಕಿವಿಯೂ ಬೇಕಿತ್ತು.

1911ರಲ್ಲಿ ಡಾಕ್ಟರೇಟ್ ಪಡೆದು ಬೋರ್ ಇಂಗ್ಲೆಂಡಿಗೆ ಹೋದರು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಅವರ ಬಳಿ ಸೇರಿದರು. ಪರಮಾಣುವಿನ ನಡುವೆ ಪುಟ್ಟ ನ್ಯೂಕ್ಲಿಯಸ್ ಇದೆಯೆಂದು ರುದರ್‌ಫೋರ್ಡ್ ಆಗ ತಾನೇ ತೋರಿಸಿಕೊಟ್ಟಿದ್ದರು. ಆದರೆ ಹಳೆಯ ನಿಯಮದ ಪ್ರಕಾರ ಅಂಥ ಪರಮಾಣು ಉಳಿಯಲೇಬಾರದು. ಸುತ್ತುವ ಎಲೆಕ್ಟ್ರಾನು ಬೆಳಕನ್ನು ಚೆಲ್ಲುತ್ತಾ, ಶಕ್ತಿ ಕಳೆದುಕೊಂಡು, ಕ್ಷಣಮಾತ್ರದಲ್ಲಿ ನಡುವಿಗೆ ಬಿದ್ದುಬಿಡಬೇಕು. 1913ರಲ್ಲಿ ಬೋರ್ ಒಂದು ಧೈರ್ಯದ ಹೆಜ್ಜೆ ಇಟ್ಟರು. ಎಲೆಕ್ಟ್ರಾನು ಕೆಲವೇ ಕಕ್ಷೆಗಳಲ್ಲಿ ಇರಬಹುದು, ಅಲ್ಲಿರುವಾಗ ಬೆಳಕು ಚೆಲ್ಲುವುದಿಲ್ಲ, ಒಂದು ಕಕ್ಷೆಯಿಂದ ಇನ್ನೊಂದಕ್ಕೆ ನೆಗೆಯುವಾಗ ಮಾತ್ರ ಬೆಳಕು ಬರುತ್ತದೆ ಎಂದರು. ಹೈಡ್ರೋಜನ್ ಬೆಳಕಿನಲ್ಲಿ ಕಾಣುವ ಬಣ್ಣದ ಗೆರೆಗಳ ಲೆಕ್ಕ ಇದರಿಂದ ಸರಿಯಾಗಿ ಬಂತು. ನಮ್ಮ ಪುಸ್ತಕದ ಚಿತ್ರ ಬಂದದ್ದು ಇಲ್ಲಿಂದ. ಆದರೆ ಕಕ್ಷೆಗಳು ಕೆಲವೇ ಏಕೆ, ನೆಗೆತ ಹೇಗೆ ನಡೆಯುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಲೆಕ್ಕ ಸರಿಬಂದರೂ ಅರ್ಥ ಬಿಡಿಸದೆ ಅವರಿಗೆ ನೆಮ್ಮದಿ ಇರಲಿಲ್ಲ.

1921ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವರ ಸಂಸ್ಥೆ ತೆರೆಯಿತು. ಮುಂದಿನ ವರ್ಷ ನೊಬೆಲ್ ಪ್ರಶಸ್ತಿ ಬಂತು. ನಾನಾ ದೇಶಗಳ ಯುವಕರು ಅಲ್ಲಿಗೆ ಬರತೊಡಗಿದರು. ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಹೋಮಿ ಭಾಭಾ ಕೂಡ 1930ರ ದಶಕದಲ್ಲಿ ಅಲ್ಲಿಗೆ ಹೋಗಿದ್ದವರು.

ಬೋರ್ ಅವರ ಜೀವನದ ಮುಖ್ಯ ನಡಿಗೆ ಶುರುವಾದದ್ದು 1922ರ ಬೇಸಿಗೆಯಲ್ಲಿ, ಜರ್ಮನಿಯ ಗೋಟಿಂಗೆನ್ ಊರಿನಲ್ಲಿ. ಅಲ್ಲಿ ಅವರು ಸಾಲು ಉಪನ್ಯಾಸ ಕೊಡುತ್ತಿದ್ದರು. ಮ್ಯೂನಿಕ್‌ನಿಂದ ಗುರುಗಳ ಜೊತೆ ಬಂದಿದ್ದ ವರ್ನರ್ ಹೈಸೆನ್‌ಬರ್ಗ್ ಎಂಬ ಇಪ್ಪತ್ತರ ವಿದ್ಯಾರ್ಥಿ, ತುಂಬಿದ ಸಭೆಯಲ್ಲಿ ಎದ್ದುನಿಂತು, ಬೋರ್ ಒಪ್ಪಿಕೊಂಡಿದ್ದ ಒಂದು ಲೆಕ್ಕ ಸರಿಯಿರಲಾರದು ಎಂದ. ಬೋರ್ ಉತ್ತರಿಸಲು ತಡವರಿಸಿದರು. ದೊಡ್ಡವರಲ್ಲಿ ಬೇರೆ ಯಾರಾದರೂ ಆಗಿದ್ದರೆ ಹುಡುಗನನ್ನು ಅಲ್ಲೇ ಕೂರಿಸಿಬಿಡುತ್ತಿದ್ದರೇನೋ. ಬೋರ್ ಉಪನ್ಯಾಸ ಮುಗಿದ ಮೇಲೆ ಅವನ ಹತ್ತಿರ ಹೋಗಿ, ಮಧ್ಯಾಹ್ನ ಊರಾಚೆಯ ಹೈನ್‌ಬರ್ಗ್ ಗುಡ್ಡಕ್ಕೆ ತಮ್ಮ ಜೊತೆ ನಡೆದು ಬರುವಂತೆ ಕರೆದರು.

ಆ ದಿನ ಇಬ್ಬರೂ ಗಂಟೆಗಟ್ಟಲೆ ನಡೆದರು. ಲೆಕ್ಕದಿಂದ ಶುರುವಾದ ಮಾತು ಬೇಗ ತತ್ತ್ವದ ಕಡೆ ತಿರುಗಿತು. ಈ ಪರಮಾಣು ಚಿತ್ರಗಳ ಅರ್ಥವೇನು ಎಂದು ಹುಡುಗ ಕೇಳಿದ. ಆ ಚಿತ್ರಗಳು ಲೆಕ್ಕದಿಂದ ಹುಟ್ಟಿದವಲ್ಲ, ಅನುಭವದಿಂದ ಊಹಿಸಿದವು ಎಂದು ಬೋರ್ ಒಪ್ಪಿಕೊಂಡರು. ನಮ್ಮ ಮಾತುಗಳೆಲ್ಲ ಕಲ್ಲು, ನೀರು, ಚೆಂಡು ಮುಂತಾದ ಕಣ್ಣಿಗೆ ಕಾಣುವ ವಸ್ತುಗಳ ನಡುವೆ ಬೆಳೆದವು. ಪರಮಾಣುವಿನ ಬಗ್ಗೆ ಹೇಳಹೊರಟರೆ ಅವು ಸಾಲುವುದಿಲ್ಲ. ಆದರೆ ಆ ಮಾತುಗಳನ್ನು ಬಿಟ್ಟು ನಮಗೆ ಬೇರೆ ಗತಿಯೂ ಇಲ್ಲ. ಇದು ಬೋರ್ ಅವರ ಕೊರಗು. ಪ್ರಪಂಚದ ದೊಡ್ಡ ವಿಜ್ಞಾನಿಯೊಬ್ಬರು ತಮ್ಮ ಪ್ರಸಿದ್ಧ ಸಿದ್ಧಾಂತದ ಬಗ್ಗೆ ತಮಗೇ ಇರುವ ಅನುಮಾನವನ್ನು ಒಬ್ಬ ವಿದ್ಯಾರ್ಥಿಯ ಮುಂದೆ ಬಿಚ್ಚಿಟ್ಟರು. ತನ್ನ ವಿಜ್ಞಾನದ ಬದುಕು ನಿಜವಾಗಿ ಆರಂಭವಾದದ್ದು ಆ ಮಧ್ಯಾಹ್ನ ಎಂದು ಹೈಸೆನ್‌ಬರ್ಗ್ ಮುಂದೆ ನೆನೆದರು.

1924ರ ವಸಂತದಲ್ಲಿ ಹೈಸೆನ್‌ಬರ್ಗ್ ಕೋಪನ್‌ಹೇಗನ್ನಿಗೆ ಬಂದರು. ಸಂಸ್ಥೆಯಲ್ಲಿ ಬೋರ್ ಅವರಿಗೆ ಆಡಳಿತದ ಕೆಲಸವೇ ಜಾಸ್ತಿ, ಕೂತು ಮಾತಾಡಲು ಬಿಡುವಿಲ್ಲ. ಹಾಗಾಗಿ ಇಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು, ಕೆಲವು ದಿನ ಜೀಲ್ಯಾಂಡ್ ದ್ವೀಪದ ಉತ್ತರ ಭಾಗವನ್ನು ಕಾಲ್ನಡಿಗೆಯಲ್ಲಿ ಸುತ್ತಲು ಹೊರಟರು. ಡೆನ್ಮಾರ್ಕಿನಲ್ಲಿ ನಮ್ಮಲ್ಲಿನಂತೆ ಬೆಟ್ಟಗಳಿಲ್ಲ. ಆ ದೇಶದ ಅತಿ ಎತ್ತರದ ನೆಲವೂ ಸಮುದ್ರ ಮಟ್ಟದಿಂದ ಸುಮಾರು 170 ಮೀಟರ್ ಮಾತ್ರ. ಬೀಚ್ ಮರಗಳ ಕಾಡು, ಕೆರೆಗಳು, ಹೊಲಗಳು, ಕೊನೆಗೆ ಸಮುದ್ರ ತೀರ. ದಾರಿಯಲ್ಲಿ ಹೆಲ್ಸಿಂಗೋರ್ ಊರಿನ ಕ್ರೋನ್‌ಬೋರ್ಗ್ ಕೋಟೆ ಸಿಕ್ಕಿತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ನಡೆಯುವುದು ಅಲ್ಲಿ. ಬರಿಯ ಕಲ್ಲು ಗಾರೆಯ ಕಟ್ಟಡವನ್ನು, ಇಲ್ಲಿ ಹ್ಯಾಮ್ಲೆಟ್ ಇದ್ದ ಎಂದುಕೊಂಡ ಕೂಡಲೇ ನಾವು ಬೇರೆಯಾಗಿ ನೋಡುತ್ತೇವಲ್ಲ, ಕಲ್ಲು ಮಾತ್ರ ಬದಲಾಗಿಲ್ಲವಲ್ಲ ಎಂದು ಬೋರ್ ಸೋಜಿಗಪಟ್ಟರು. ನೋಡುವವನನ್ನು ಬಿಟ್ಟು ನೋಟದ ಬಗ್ಗೆ ಮಾತಾಡಬಹುದೇ ಎಂಬ ಪ್ರಶ್ನೆ ಮುಂದೆ ಕ್ವಾಂಟಂ ವಿಜ್ಞಾನದ ನಡುಮನೆಗೇ ಬಂತು.

ಆ ನಡಿಗೆಯಲ್ಲಿ ಅವರು ವಿಜ್ಞಾನ ಒಂದನ್ನೇ ಮಾತಾಡಲಿಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಹುಡುಗನೊಬ್ಬ ಕಂಡದ್ದೇನು, ಸಣ್ಣ ದೇಶದವರು ಕಂಡದ್ದೇನು ಎಂಬ ಮಾತು ಬಂತು. ಹಳೆಯ ಕಥೆಗಳು ಬಂದವು. ಮಕ್ಕಳಂತೆ ಕಲ್ಲು ಎಸೆದರು. ದೂರದ ತಂತಿಕಂಬಕ್ಕೆ ಹೈಸೆನ್‌ಬರ್ಗ್ ಎಸೆದ ಕಲ್ಲು ತಗುಲಿಯೇಬಿಟ್ಟಿತು. ಗುರಿಯಿಟ್ಟು ಎಸೆದಿದ್ದರೆ ತಪ್ಪುತ್ತಿತ್ತು, ತಗುಲಲಿ ಎಂದು ಸುಮ್ಮನೆ ಎಸೆದದ್ದಕ್ಕೆ ತಗುಲಿತು ಎಂಬ ವಿಷಯದ ಮೇಲೂ ಬೋರ್ ಸ್ವಲ್ಪ ದೂರ ಯೋಚಿಸುತ್ತಾ ನಡೆದರು.

ನಡಿಗೆಯಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ನಾನು ಇಂಜಿನಿಯರ್, ನನಗೆ ತೋಚಿದ ಕಾರಣ ಹೇಳುತ್ತೇನೆ. ನಡೆಯುವಾಗ ಕಪ್ಪುಹಲಗೆ ಇರುವುದಿಲ್ಲ. ಸೂತ್ರ ಬರೆದು ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮನಸ್ಸಿನಲ್ಲಿರುವುದನ್ನು ಪಕ್ಕದವನಿಗೆ ಅರ್ಥವಾಗುವ ದಿನಬಳಕೆಯ ಮಾತಿನಲ್ಲಿ ಹೇಳಲೇಬೇಕು. ಬೋರ್ ಅವರ ತತ್ತ್ವವೂ ಇದೇ ಆಗಿತ್ತು: ಪ್ರಯೋಗ ಎಷ್ಟೇ ಸೂಕ್ಷ್ಮವಾಗಿರಲಿ, ನಾವು ಏನು ಮಾಡಿದೆವು, ಏನು ಕಂಡೆವು ಎಂಬುದನ್ನು ಕೊನೆಗೆ ಒಬ್ಬರಿಗೊಬ್ಬರು ಸಾಮಾನ್ಯ ಭಾಷೆಯಲ್ಲೇ ಹೇಳಿಕೊಳ್ಳಬೇಕು. ಇನ್ನೊಂದು ಕಾರಣವೂ ಇದೆ. ನಡೆಯುವಾಗ ಒಬ್ಬರು ವೇದಿಕೆಯ ಮೇಲೆ, ಒಬ್ಬರು ಬೆಂಚಿನ ಮೇಲೆ ಇರುವುದಿಲ್ಲ. ಇಬ್ಬರ ಕಣ್ಣೂ ಒಂದೇ ದಾರಿಯ ಮೇಲಿರುತ್ತದೆ. ಮಾತು ನಿಂತರೂ ಮುಜುಗರವಿಲ್ಲ, ಕಾಲು ನಡೆಯುತ್ತಿರುತ್ತದೆ. ನಮ್ಮ ಆಫೀಸಿನಲ್ಲೂ ಎರಡು ದಿನ ಸಿಗದ ತಪ್ಪು, ಸಹೋದ್ಯೋಗಿಯ ಜೊತೆ ಚಹಾದಂಗಡಿಗೆ ನಡೆಯುತ್ತಾ ಅವನಿಗೆ ವಿವರಿಸುವಾಗ ನನಗೇ ಹೊಳೆದದ್ದುಂಟು.

1925ರಲ್ಲಿ ಹೈಸೆನ್‌ಬರ್ಗ್ ಹೊಸ ಕ್ವಾಂಟಂ ಗಣಿತಕ್ಕೆ ದಾರಿ ಕಂಡುಹಿಡಿದರು. ಕಕ್ಷೆಯ ಚಿತ್ರವನ್ನು ಅದು ಕೈಬಿಟ್ಟಿತು. ಬೋರ್ ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಆದರೆ ಅದರ ಅರ್ಥವೇನು? 1926ರ ಚಳಿಗಾಲದಲ್ಲಿ ಇಬ್ಬರೂ ಕೋಪನ್‌ಹೇಗನ್‌ನಲ್ಲಿ ರಾತ್ರಿಯೆಲ್ಲ ವಾದ ಮಾಡಿದರು. ವಾದ ಮುಗಿದ ಮೇಲೆ ಹೈಸೆನ್‌ಬರ್ಗ್ ಸಂಸ್ಥೆಯ ಹಿಂದಿನ ಉದ್ಯಾನದಲ್ಲಿ ಒಬ್ಬರೇ ನಡೆಯುತ್ತಾ, ಪ್ರಕೃತಿ ನಿಜಕ್ಕೂ ಇಷ್ಟು ವಿಚಿತ್ರವಾಗಿರಬಹುದೇ ಎಂದು ಕೇಳಿಕೊಳ್ಳುತ್ತಿದ್ದರು. ಇಬ್ಬರಿಗೂ ದಣಿವಾಯಿತು. 1927ರ ಫೆಬ್ರವರಿಯಲ್ಲಿ ಬೋರ್ ನಾರ್ವೆಯ ಹಿಮದಲ್ಲಿ ಸ್ಕೀ ಮಾಡಲು ಹೋದರು. ದೂರವಿದ್ದ ಆ ದಿನಗಳಲ್ಲಿ ಹೈಸೆನ್‌ಬರ್ಗ್‌ಗೆ ಅನಿಶ್ಚಿತತೆಯ ತತ್ತ್ವ ಹೊಳೆಯಿತು. ಬೋರ್‌ಗೆ ಪೂರಕತೆಯ ವಿಚಾರ ಹೊಳೆಯಿತು. ಎಲೆಕ್ಟ್ರಾನನ್ನು ಕಣವಾಗಿ ತೋರಿಸುವ ಪ್ರಯೋಗವೂ ಅಲೆಯಾಗಿ ತೋರಿಸುವ ಪ್ರಯೋಗವೂ ಒಟ್ಟಿಗೆ ಮಾಡಲು ಬಾರದವು, ಆದರೂ ಪೂರ್ತಿ ಚಿತ್ರಕ್ಕೆ ಎರಡೂ ಬೇಕು ಎಂಬುದು ಅದರ ಸಾರ. ಬೋರ್ ಮರಳಿ ಬಂದು ಹೈಸೆನ್‌ಬರ್ಗ್ ಲೇಖನದಲ್ಲಿ ತಪ್ಪು ತೋರಿಸಿದಾಗ ಶಿಷ್ಯನ ಕಣ್ಣಲ್ಲಿ ನೀರು ಬಂತಂತೆ. ಆದರೂ ಸ್ನೇಹ ಮುರಿಯಲಿಲ್ಲ. ತಪ್ಪು ತೋರಿಸಿದವರ ಮೇಲೆ ಅಷ್ಟು ನಂಬಿಕೆ ಇತ್ತು.

ಬೋರ್ ಅವರ ಬದುಕಿನಲ್ಲಿ ದುಃಖವೂ ಬಂತು. 1934ರಲ್ಲಿ ಹಾಯಿದೋಣಿಯಲ್ಲಿ ಹೋಗಿದ್ದಾಗ ಹದಿನೇಳು ವರ್ಷದ ಹಿರಿಯ ಮಗ ಕ್ರಿಶ್ಚಿಯನ್ ಅವರ ಕಣ್ಣೆದುರಿಗೇ ಸಮುದ್ರದ ಪಾಲಾದ. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ ಕೆಲಸ ಕಳೆದುಕೊಂಡು ಓಡಿಬಂದ ವಿಜ್ಞಾನಿಗಳಿಗೆ ಅವರ ಸಂಸ್ಥೆ ಆಸರೆಯಾಯಿತು. ಅವರಲ್ಲಿ ಆಟೊ ಫ್ರಿಶ್ ಒಬ್ಬರು.

1938ರ ಕ್ರಿಸ್‌ಮಸ್ ಸಮಯದಲ್ಲಿ ಫ್ರಿಶ್ ಸ್ವೀಡನ್ನಿನಲ್ಲಿದ್ದ ಚಿಕ್ಕಮ್ಮ ಲೀಸ್ ಮೈಟ್ನರ್ ಅವರನ್ನು ನೋಡಲು ಹೋದರು. ಯುರೇನಿಯಂಗೆ ನ್ಯೂಟ್ರಾನು ಹೊಡೆದರೆ ಬೇರಿಯಂ ಸಿಗುತ್ತಿದೆ ಎಂದು ಬರ್ಲಿನ್ನಿನಿಂದ ಮೈಟ್ನರ್‌ಗೆ ಪತ್ರ ಬಂದಿತ್ತು. ಇಬ್ಬರೂ ಹಿಮದಲ್ಲಿ ಹೊರಟರು, ಫ್ರಿಶ್ ಸ್ಕೀ ಮೇಲೆ, ಮೈಟ್ನರ್ ಕಾಲ್ನಡಿಗೆಯಲ್ಲಿ. ನ್ಯೂಕ್ಲಿಯಸ್ಸನ್ನು ನೀರಿನ ಹನಿಯಂತೆ ಕಾಣಬಹುದೆಂಬ ಬೋರ್ ವಿಚಾರ ನೆನಪಾಯಿತು. ಹನಿ ಎರಡಾಗಿ ಒಡೆಯುವಂತೆ ಅದೂ ಒಡೆದಿರಬೇಕು! ಬಿದ್ದ ಮರದ ಮೇಲೆ ಕುಳಿತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕಿದರು. ಸರಿಬಂತು. ಫ್ರಿಶ್ ಕೋಪನ್‌ಹೇಗನ್ನಿಗೆ ಬಂದು ಹೇಳಿದಾಗ, ಇದು ನಮಗೆ ಮೊದಲೇ ಏಕೆ ಹೊಳೆಯಲಿಲ್ಲ ಎಂದು ಬೋರ್ ಹಣೆ ಚಚ್ಚಿಕೊಂಡರು. ಅಣುಬಾಂಬಿನ ಕಥೆ ಹೀಗೆ ಒಂದು ಹಿಮದ ನಡಿಗೆಯಲ್ಲಿ ಶುರುವಾಯಿತು. ಜೊತೆಯಾಗಿ ನಡೆದು ಯೋಚಿಸಿದ್ದೆಲ್ಲ ಜಗತ್ತಿಗೆ ಒಳ್ಳೆಯದನ್ನೇ ತರುತ್ತದೆ ಎಂದು ಹೇಳುವ ಹಾಗಿಲ್ಲ.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. 1941ರ ಸೆಪ್ಟೆಂಬರ್‌ನಲ್ಲಿ ಹೈಸೆನ್‌ಬರ್ಗ್ ಕೋಪನ್‌ಹೇಗನ್ನಿಗೆ ಬಂದರು. ಈಗ ಅವರು ಜರ್ಮನಿಯ ಯುರೇನಿಯಂ ಯೋಜನೆಯ ಪ್ರಮುಖ ವಿಜ್ಞಾನಿ. ಬೋರ್, ಯಹೂದಿ ತಾಯಿಯ ಮಗ, ಆಕ್ರಮಿತ ದೇಶದ ಪ್ರಜೆ. ಇಬ್ಬರೂ ಒಂಟಿಯಾಗಿ ಮಾತಾಡಿದರು. ಯಾರೂ ಕದ್ದು ಕೇಳದಿರಲೆಂದು ಸಂಜೆ ಹೊರಗೆ ನಡೆಯುತ್ತಾ ಮಾತಾಡಿದೆವು ಎಂಬುದು ಹೈಸೆನ್‌ಬರ್ಗ್ ನೆನಪು. ಸಂಸ್ಥೆಯ ತಮ್ಮ ಕೊಠಡಿಯಲ್ಲಿ ಮಾತಾಡಿದ್ದು ಎಂಬುದು ಬೋರ್ ನೆನಪು. ವಿಜ್ಞಾನಿಗಳು ಇಂಥ ಆಯುಧಕ್ಕೆ ಕೈಹಾಕುವುದು ಸರಿಯೇ ಎಂದು ಕೇಳಬಯಸಿದ್ದೆ ಎಂದು ಹೈಸೆನ್‌ಬರ್ಗ್ ಆಮೇಲೆ ಹೇಳಿದರು. ಜರ್ಮನಿ ಗೆಲ್ಲುತ್ತದೆ, ಅಲ್ಲಿ ಆ ಆಯುಧದ ಕೆಲಸ ನಡೆಯುತ್ತಿದೆ ಎಂದಷ್ಟೇ ಬೋರ್ ಕೇಳಿಸಿಕೊಂಡರು. ಸೂತ್ರವಿಲ್ಲದ ಮಾತಿನಲ್ಲೇ ಒಬ್ಬರನ್ನೊಬ್ಬರು ಅರಿತಿದ್ದ ಇಬ್ಬರಿಗೆ ಅಂದು ಮಾತು ಕೈಕೊಟ್ಟಿತು. ನಂಬಿಕೆ ಇಲ್ಲದ ಕಡೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧವನ್ನು ಭಯ ತುಂಬುತ್ತದೆ.

1943ರ ಸೆಪ್ಟೆಂಬರ್ ಕೊನೆಯಲ್ಲಿ ಬಂಧನದ ಸುಳಿವು ಸಿಕ್ಕಿ ಬೋರ್ ದಂಪತಿ ರಾತ್ರಿ ದೋಣಿಯಲ್ಲಿ ಸ್ವೀಡನ್ನಿಗೆ ಪಾರಾದರು. ಡೆನ್ಮಾರ್ಕಿನ ಯಹೂದಿಗಳಿಗೆ ಸ್ವೀಡನ್ ಆಶ್ರಯ ಕೊಡಬೇಕೆಂದು ಬೋರ್ ಅಲ್ಲಿ ಒತ್ತಾಯಿಸಿದರು. ಜನರೇ ದೋಣಿಗಳಲ್ಲಿ ಸಾಗಿಸಿ 7,000ಕ್ಕೂ ಹೆಚ್ಚು ಮಂದಿಯನ್ನು ಉಳಿಸಿದರು. ಬೋರ್ ಬ್ರಿಟನ್ನಿಗೆ ವಿಮಾನದಲ್ಲಿ ಹೋಗುವಾಗ ಆಮ್ಲಜನಕ ಸಿಗದೆ ಪ್ರಜ್ಞೆ ತಪ್ಪಿದ್ದರು. ಅಲ್ಲಿಂದ ಅಮೆರಿಕದ ಲಾಸ್ ಅಲಮಾಸ್‌ಗೆ ಹೋಗಿ ಬಾಂಬಿನ ಯೋಜನೆಗೆ ಸಲಹೆ ಕೊಟ್ಟರು. ಆದರೆ ಬಾಂಬಿಗಿಂತ ಅದರ ನಂತರದ ಜಗತ್ತಿನ ಚಿಂತೆ ಅವರಿಗೆ ಹೆಚ್ಚಾಗಿತ್ತು. ದೇಶಗಳು ಒಂದಕ್ಕೊಂದು ಗುಟ್ಟು ಮುಚ್ಚಿಟ್ಟರೆ ಸ್ಪರ್ಧೆ ತಪ್ಪದು, ಮುಕ್ತವಾಗಿ ಮಾತಾಡಬೇಕು ಎಂದು 1944ರಲ್ಲಿ ಚರ್ಚಿಲ್ ಮತ್ತು ರೂಸ್‌ವೆಲ್ಟ್ ಇಬ್ಬರನ್ನೂ ಕಂಡರು. ಚರ್ಚಿಲ್ ಕಿವಿಗೊಡಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಗೆ ಬಹಿರಂಗ ಪತ್ರ ಬರೆದರು. ಫಲ ಸಿಗಲಿಲ್ಲ.

1947ರಲ್ಲಿ ಹೈಸೆನ್‌ಬರ್ಗ್ ಮತ್ತೆ ಡೆನ್ಮಾರ್ಕಿಗೆ ಬಂದರು. ಬೋರ್ ಅವರ ಹಳ್ಳಿಮನೆ ಇದ್ದ ಟಿಸ್ವಿಲ್ಡೆಯಲ್ಲಿ ಇಬ್ಬರೂ ಕುಳಿತು 1941ರ ಆ ಸಂಜೆಯನ್ನು ನೆನಪಿಸಿಕೊಳ್ಳಲು ನೋಡಿದರು. ನೆನಪುಗಳು ಕೂಡಲಿಲ್ಲ, ಮಾತು ಅಲ್ಲಿಗೇ ಬಿಟ್ಟರು. ಬೋರ್ ಆ ಬಗ್ಗೆ ಹೈಸೆನ್‌ಬರ್ಗ್‌ಗೆ ಪತ್ರಗಳ ಕರಡು ಬರೆದರು, ತಿದ್ದಿದರು, ಮತ್ತೆ ಬರೆದರು, ಆದರೆ ಕಳುಹಿಸಲಿಲ್ಲ. ಅವು ಹೊರಜಗತ್ತಿಗೆ ಕಂಡದ್ದು 2002ರಲ್ಲಿ. 1962ರ ನವೆಂಬರ್ 18ರ ಭಾನುವಾರ ಬೋರ್ ತಮ್ಮ ಮನೆಯಲ್ಲಿ ತೀರಿಕೊಂಡರು. ಹಿಂದಿನ ಸಂಜೆ ಅವರು ಕಪ್ಪುಹಲಗೆಯ ಮೇಲೆ ಬರೆದಿದ್ದ ಚಿತ್ರ ಹಾಗೇ ಇತ್ತು. ಐನ್‌ಸ್ಟೈನ್ ಮೂವತ್ತು ವರ್ಷಗಳ ಹಿಂದೆ ವಾದಕ್ಕಾಗಿ ಕಲ್ಪಿಸಿದ್ದ ಬೆಳಕಿನ ಪೆಟ್ಟಿಗೆಯ ಚಿತ್ರ ಅದು. ಐನ್‌ಸ್ಟೈನ್ ತೀರಿಕೊಂಡು ಏಳು ವರ್ಷವಾಗಿದ್ದರೂ ಬೋರ್ ಅವರ ಜೊತೆ ಮಾತು ಮುಂದುವರಿಸಿದ್ದರು.

ಆ ಕಳುಹಿಸದ ಪತ್ರಗಳ ಬಗ್ಗೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಪರಮಾಣುವಿನ ಚಿತ್ರದ ಬಗ್ಗೆ ಪ್ರಶ್ನೆ ಕೇಳಿದ ನನ್ನ ಗೆಳೆಯ ಊರಿನಲ್ಲೇ ಇದ್ದಾನೆ, ಅಡಿಕೆ ತೋಟ ನೋಡಿಕೊಂಡಿದ್ದಾನೆ. ನಾನು ಬೆಂಗಳೂರಿನಲ್ಲಿದ್ದೇನೆ. ಯಾವುದೋ ಸಣ್ಣ ವ್ಯವಹಾರದ ಮಾತಿಗೆ ಮನಸ್ಸು ಮುರಿದು ಆರು ವರ್ಷವಾಯಿತು. ಆ ದಿನ ಯಾರು ಏನು ಅಂದರು ಎಂಬುದನ್ನು ಅವನು ಒಂದು ಥರ ಹೇಳುತ್ತಾನೆ, ನಾನು ಒಂದು ಥರ. ಫೋನಿನಲ್ಲಿ ಎಷ್ಟೋ ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದ್ದೇನೆ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದು ಕಿವಿಮಾತು. ನಿಮಗೆ ಸೈಕಲ್ ಇದೆ, ಬಸ್ಸಿದೆ, ಒಳ್ಳೆಯದು. ಆದರೆ ವಾರಕ್ಕೊಂದು ದಿನವಾದರೂ ಗೆಳೆಯರ ಜೊತೆ, ಸಾಧ್ಯವಾದರೆ ಮೇಷ್ಟ್ರ ಜೊತೆ, ನಡೆದು ಬನ್ನಿ. ಪುಸ್ತಕದಲ್ಲಿ ಅರ್ಥವಾಗದ್ದನ್ನು ದಾರಿಯಲ್ಲಿ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅಲ್ಲಿ ನಾಚಿಕೆಯಾಗುವುದಿಲ್ಲ. ಬೋರ್ ಅವರಂಥವರಿಗೇ ಆಗಲಿಲ್ಲ.

ಸುವರ್ಣ ಮಹೋತ್ಸವದ ದಿನ ನಾನು ಶಾಲೆಯ ಗೇಟಿನವರೆಗೆ ಕಾರಿನಲ್ಲಿ ಬರುವುದಿಲ್ಲ. ಬೆಳಗ್ಗೆ ಎಂಟೂವರೆಗೆ ನಮ್ಮೂರಿನ ಅರಳಿಕಟ್ಟೆಯ ಹತ್ತಿರ ನಿಂತಿರುತ್ತೇನೆ. ಗೆಳೆಯ ಈ ಸಂಚಿಕೆಯನ್ನು ಮೊದಲೇ ಓದಿದ್ದರೆ ಅಲ್ಲಿಗೆ ಬರಲಿ. ಓದಿಲ್ಲದಿದ್ದರೆ ನಾನೇ ಅವನ ಮನೆಗೆ ಹೋಗಿ ಕರೆಯುತ್ತೇನೆ. ಕೆರೆ ಏರಿಯ ಮೇಲೆ ಈಗ ಟಾರು ಹಾಕಿದ್ದಾರೆ, ಆದರೂ ದೂರ ಅಷ್ಟೇ ಇದೆ, ಮೂರು ಕಿಲೋಮೀಟರ್.